ಬೆಂಕಿ ಕಾಣದ ಪೈಪು

ಮಾರ್ಚ್ 4, ಮಂಗಳವಾರ

ಬೈಯುವುದಕ್ಕೆ ಎದುರಿಗೆ ಯಾರೂ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಈ ಡೈರಿ ಮರದ ಡಿಪೋದವರು ಎಂದೋ ಕೊಟ್ಟದ್ದು. ಊಟದ ಮೇಜಿನ ಕುಂಟುಗಾಲಿನ ಕೆಳಗಿತ್ತು. ಎಳೆದು ತೆಗೆದೆ. ಈಗ ಮೇಜು ಅಲ್ಲಾಡುತ್ತಿದೆ. ಅಲ್ಲಾಡಲಿ. ಅಚ್ಚಾಗಿರುವ ವಾರಗಳು ಹಳೆಯ ವರ್ಷದವು, ಹೊಡೆದುಹಾಕಿ ಬರೆದಿದ್ದೇನೆ. ಒತ್ತಕ್ಷರ ಪೂರ್ತಿ ಕಲಿಯುವ ಮೊದಲೇ ಶಾಲೆ ಬಿಟ್ಟವನು ನಾನು. ತಪ್ಪಿದ್ದರೆ ಇರಲಿ, ಓದುವವನೂ ನಾನೇ.

ತಕ್ಕಡಿ ನನಗೆ ಮೋಸ ಮಾಡಿದ್ದಾನೆ.

ತಕ್ಕಡಿ ಎಂದರೆ ಹೊಗೆಸೊಪ್ಪಿನ ಅಂಗಡಿಯವನು. ಮಾತನ್ನೂ ತೂಗಿ ತೂಗಿ ಆಡುತ್ತಾನೆಂದು ನಾನಿಟ್ಟ ಹೆಸರು. ಅವನು ನನ್ನನ್ನು ಉಳಿ ಅನ್ನುತ್ತಾನೆ. ಕುರ್ಚಿಯ ಕಾಲು, ತೊಟ್ಟಿಲ ಕಂಬ ಎಂದು ಲೇತಿನ ಮೇಲೆ ಮರ ಕಡೆದು ಬದುಕಿದವನು ನಾನು. ಉಳಿ ಅಂದದ್ದು ಕಸುಬಿಗೋ ನನ್ನ ಬಾಯಿಗೋ, ಕೇಳಿಲ್ಲ.

ದಿನಾ ಸಂಜೆ ಅವನು ಷಟರ್ ಅರ್ಧ ಎಳೆದ ಮೇಲೆ ಗಲ್ಲಾದ ಹಿಂದಿನ ಬೆಂಚಿನಲ್ಲಿ ಇಬ್ಬರೂ ಕೂತು ಪೈಪು ಹಚ್ಚುವುದು. ಹೊಸ ಮಿಶ್ರಣಗಳ ಪರೀಕ್ಷೆಯೂ ಅಲ್ಲೇ. ಈ ಎಲೆ ಇಷ್ಟು, ಆ ಎಲೆ ಅಷ್ಟು ಎಂದು ಅವನು ಬೆರೆಸಿದ್ದನ್ನು ಇಬ್ಬರೂ ಸೇದಬೇಕು, ಇಬ್ಬರೂ ಒಪ್ಪಬೇಕು, ಆಮೇಲೆಯೇ ಅದು ಜಾಡಿಗೆ. ಜಾಡಿಗಳಿಗೆ ಹೆಸರಿಟ್ಟವನು ನಾನು. ಮೊದಲು ಸಿಹಿಯಾಗಿದ್ದು ಕೊನೆಗೆ ನಾಲಗೆ ಕಚ್ಚುವುದು ‘ಸೋದರತ್ತೆ’. ನಿಧಾನಕ್ಕೆ ಹತ್ತಿ ಬೇಗ ಮುಗಿದುಹೋಗುವುದು ‘ಪಿಂಚಣಿ’. ಎಷ್ಟು ಸೇದಿದರೂ ಏನೂ ಹೇಳದೆ ಕೂರುವುದು ‘ದೊಡ್ಡ ಅಳಿಯ’. ಗಿರಾಕಿಗಳು ಈಗ ಹೆಸರು ಹಿಡಿದೇ ಕೇಳುತ್ತಾರೆ, ಒಂದು ಪೊಟ್ಟಣ ಸೋದರತ್ತೆ ಕೊಡಿ ಎಂದು.

ನಾನು ಲೇತ್ ಮಾರಿ ಕಸುಬು ಬಿಟ್ಟಾಗ ಕೊನೆಯದಾಗಿ ಕಡೆದದ್ದು ಎರಡು ಪೈಪು. ಒಂದೇ ಬೇರಿನ ಗಂಟನ್ನು ಸೀಳಿ ಮಾಡಿದ ಜೋಡಿ. ಒಂದು ನನಗೆ, ಒಂದು ಅವನಿಗೆ. ಈ ಸಂಜೆಯ ಕೂಟ ಶುರುವಾದದ್ದೂ ಆವತ್ತೇ, ಎಷ್ಟೋ ವರ್ಷವಾಯಿತು. ಕತ್ತಲಲ್ಲಿ ಯಾವುದು ಯಾರದೆಂದು ಹೇಳಲಾಗದು.

ಇವತ್ತು ಷಟರಿನ ಕೆಳಗಿಂದ ಯಾರೋ ಕರೆದರು. ಅವನು ಪೈಪು ಬೆಂಚಿನ ಮೇಲಿಟ್ಟು ತೂಗಲು ಹೋದ. ನನ್ನದು ಆರಿತ್ತು. ಕೈಗೆ ಸಿಕ್ಕಿದ್ದನ್ನು ತೆಗೆದು ಬೂದಿ ಕೆದಕಿದೆ. ಬೂದಿ ಬರಲಿಲ್ಲ. ಸುಡದ ಸೊಪ್ಪು ಉದುರಿತು. ಇನ್ನೂ ಕೆದಕಿದರೆ ಕಡ್ಡಿ ಟಕ್ಕೆಂದು ಮರಕ್ಕೆ ಬಡಿಯಿತು. ಮರಕ್ಕೆ ಹೇಗೆ ಬಡಿಯುತ್ತದೆ? ಸೇದುವ ಪೈಪಿನ ಒಳಗೋಡೆಗೆ ಮಸಿ ಕಟ್ಟುತ್ತದೆ, ಗಟ್ಟಿಯಾಗಿ ಮರವನ್ನೇ ಮುಚ್ಚಿಬಿಡುತ್ತದೆ. ನನ್ನದನ್ನು ಆಗಾಗ ಕೆರೆಯದಿದ್ದರೆ ಕಿರುಬೆರಳೂ ಇಳಿಯುವುದಿಲ್ಲ. ದೀಪದ ಕೆಳಗೆ ಹಿಡಿದೆ. ಒಳಗೆ ತಳದಲ್ಲಿ ನನ್ನ ಉಳಿಯ ಸುತ್ತುಗೆರೆ ನಿನ್ನೆ ಕಡೆದ ಹಾಗೆ ಹೊಳೆಯುತ್ತಿತ್ತು. ಆ ಪೈಪು ಹುಟ್ಟಿದಾಗಿನಿಂದ ಬೆಂಕಿ ಕಂಡಿಲ್ಲ.

ಎದ್ದು ಹೋಗಿ ಗಿರಾಕಿಯ ಎದುರಿಗೇ ಕೇಳಿದೆ.

“ಏನೋ ಇದು?”

ಅವನು ಪೈಪು ನೋಡಿದ, ತಕ್ಕಡಿಯ ತಟ್ಟೆ ನೋಡಿದ. “ಇವರದ್ದು ಕಟ್ಟಿಕೊಟ್ಟು ಬರ್ತೀನಿ. ನೀನು ಕೂತ್ಕೋ.”

“ಕೂರಲ್ಲ. ಇವರೂ ಕೇಳ್ಲಿ. ಒಂದು ದಿನನಾದ್ರೂ ಸೇದಿದ್ದೀಯೇನೋ ಇದನ್ನ?”

“ಇಲ್ಲ.”

ಅಷ್ಟೇ. ತೂಗಿ ಒಂದೇ ಮಾತು ಹಾಕಿದ. ಬೆಂಕಿಕಡ್ಡಿ ಗೀರಿ ಕೈ ಮರೆ ಮಾಡಿಕೊಂಡು, ತುಟಿ ಚಪ್ಪರಿಸಿ, “ಇದು ಸ್ವಲ್ಪ ಒಗರು ಕಣೋ” ಎನ್ನುತ್ತಿದ್ದನಲ್ಲ ಪ್ರತಿದಿನ, ಆ ನಾಟಕವೆಲ್ಲ ಕಣ್ಣಮುಂದೆ ಬಂತು. ನನಗೆ ತಿಳಿಯದೆ ಹೋದದ್ದು ಹೇಗೆ ಅಂದರೆ, ಪೈಪು ಸೇದುವವನಿಗೆ ತನ್ನ ಹೊಗೆ ದಾಟಿ ಮತ್ತೊಬ್ಬನ ಹೊಗೆ ಕಾಣುವುದಿಲ್ಲ. ಚಿಕ್ಕ ಕೋಣೆ. ಇಬ್ಬರ ಪಾಲಿನ ಹೊಗೆ ನಾನೊಬ್ಬನೇ ಬಿಡುತ್ತಿದ್ದೆ.

ಎರಡು ಪೈಪನ್ನೂ ಜೇಬಿಗೆ ಹಾಕಿಕೊಂಡು ಹೊರಟೆ. ಅರ್ಧ ಎಳೆದ ಷಟರಿಗೆ ತಲೆ ಬಡಿಯಿತು. ಅದೂ ಅವನದೇ ತಪ್ಪು.

ಮಾರ್ಚ್ 5, ಬುಧವಾರ

ನನ್ನವಳಿಗೆ ಹೇಳಿದೆ. ಬಟ್ಟೆ ಮಡಚುತ್ತಿದ್ದಳು. ಕೈ ನಿಲ್ಲಿಸಲಿಲ್ಲ, ತಿರುಗಿಯೂ ನೋಡಲಿಲ್ಲ.

“ಈಗ ಗೊತ್ತಾಯ್ತಾ ನಿಮಗೆ?” ಅಂದಳು.

ಈಗ! ಇವಳಿಗೂ ಗೊತ್ತು. ತಲೆದಿಂಬು ಪಕ್ಕದಲ್ಲೇ ಇಟ್ಟುಕೊಂಡು ಬಾಯಿ ಬಿಡಲಿಲ್ಲ. ಮನೆಯೇ ಅವನ ಕಡೆ ವಾಲಿದೆ. ಊಟ ಮಾಡಲಿಲ್ಲ. ಆಮೇಲೆ ಹಸಿವಾಯಿತು, ಮಾಡಿದೆ.

ಮಾರ್ಚ್ 7, ಶುಕ್ರವಾರ

ಊರಿಗೆ ಅವನೊಬ್ಬನೇ ಅಂಗಡಿಯವನೇ? ದೊಡ್ಡ ರಸ್ತೆಯಲ್ಲಿ ಗಾಜಿನ ಬಾಗಿಲಿನ ಹೊಸ ಅಂಗಡಿ ಇದೆ. ಹೋದೆ. ಒಳಗೆ ಐಸಿನ ಪೆಟ್ಟಿಗೆಯ ಹಾಗೆ ತಂಪು. ಗೋಡೆತುಂಬ ಡಬ್ಬಿಗಳು, ಒಂದೊಂದರ ಮೇಲೂ ಹಡಗು, ಗಡ್ಡದ ಮುದುಕ, ಜಿಂಕೆ. ಹೊಗೆಸೊಪ್ಪಿಗೂ ಜಿಂಕೆಗೂ ಏನು ಸಂಬಂಧ?

ಕೌಂಟರಿನ ಹುಡುಗಿ ನಗುತ್ತಾ ಬಂದಳು. “ಏನು ಟ್ರೈ ಮಾಡ್ತೀರಾ ಅಂಕಲ್? ನಿಮ್ಮ ಟೇಸ್ಟ್ ಹೇಗೆ, ಸ್ವೀಟಾ, ಸ್ಟ್ರಾಂಗಾ, ಸ್ಮೋಕಿಯಾ?”

“ಹೊಗೆಸೊಪ್ಪು ಸ್ಮೋಕಿ ಆಗ್ದೆ ಇನ್ನೇನಾಗುತ್ತಮ್ಮ?”

ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಒಂದು ಡಬ್ಬಿ ಕೊಟ್ಟಳು. ತೆಗೆದು ಮೂಸಿ ನೋಡ್ತೀನಿ ಅಂದೆ. ಸೀಲ್ ಒಡೆಯೋ ಹಾಗಿಲ್ಲವಂತೆ.

“ಮೂಸದೆ ಹೇಗಮ್ಮ ಆರಿಸೋದು?”

“ಹಿಂದೆ ಬರ್ದಿರುತ್ತೆ ಅಂಕಲ್, ಓದ್ಕೊಳ್ಳಿ.”

“ಓದಿ ಒಪ್ಪೋದಕ್ಕೆ ಇದೇನು ಕೋರ್ಟ್ ಆರ್ಡರಾ?”

ಹಿಂದೆ ನಿಂತವರೊಬ್ಬರು ನಕ್ಕರು. ಕೊನೆಗೆ ಮೂರು ಡಬ್ಬಿ ಆರಿಸಿದೆ. ಚೆರ್ರಿ ಹಣ್ಣಿನ ವಾಸನೆಯದೊಂದು, ಕಟ್ಟಿಗೆಯ ಹೊಗೆಯಲ್ಲಿ ಒಣಗಿಸಿದ ಕಪ್ಪೆಲೆಯದೊಂದು, ಒತ್ತಿ ಹಲಗೆ ಮಾಡಿ ಕೊಯ್ದದ್ದೊಂದು. ಚೆರ್ರಿಯದನ್ನು ಹುಡುಗಿ ಹೊಗಳಿದ್ದಕ್ಕೆ ತಂದೆ. ಉಳಿದೆರಡನ್ನು ತಕ್ಕಡಿ ಯಾವಾಗಲೂ “ಡಬ್ಬಿಯದಾ? ಸತ್ತ ಎಲೆ ಕಣೋ ಅದು” ಅನ್ನುತ್ತಿದ್ದ ಎಂದು ತಂದೆ. ಅವನು ಬೇಡ ಅಂದದ್ದನ್ನೆಲ್ಲ ಇನ್ನು ಸೇದುತ್ತೇನೆ.

ಮಾರ್ಚ್ 8, ಶನಿವಾರ

ಚೆರ್ರಿ. ಥೂ. ಮದುಮಗಳ ಪೌಡರ್ ಡಬ್ಬಿಗೆ ಬೆಂಕಿ ಬಿದ್ದ ಹಾಗೆ. ನನ್ನವಳು ಮಾತ್ರ “ಇವತ್ತು ಮನೆ ಘಮ ಘಮ ಅಂತಿದೆ ರೀ” ಅಂದಳು. ಡಬ್ಬಿ ಅವಳಿಗೇ ಕೊಟ್ಟೆ. ಸೂಜಿ ದಾರ ಇಟ್ಟುಕೊಳ್ಳುತ್ತಾಳಂತೆ.

ಮಾರ್ಚ್ 11, ಮಂಗಳವಾರ

ಕಪ್ಪೆಲೆ ಸೇದಿದೆ. ಸುಳ್ಳೇಕೆ ಹೇಳಲಿ, ಚೆನ್ನಾಗಿದೆ. ಮೊದಲು ಆರಿದ ಒಲೆಯ ವಾಸನೆ, ಆಮೇಲೆ ಹಳೆಯ ಚರ್ಮದ ಚೀಲದ್ದು. ಕೊನೆಯಲ್ಲಿ ಎಲ್ಲೋ ಒಂದು ತೊಟ್ಟು ಸಿಹಿ ಬಂದು ಹೋಗುತ್ತದೆ, ಕರೆದರೂ ನಿಲ್ಲದ ಹಾಗೆ. ಇದರಲ್ಲಿ ಒಂದು ಹಿಡಿ ತೆಗೆದು ಪಿಂಚಣಿಗೆ ಬೆರೆಸಿದರೆ ಪಿಂಚಣಿ ಇಷ್ಟು ಬೇಗ ಮುಗಿಯುವುದಿಲ್ಲ.

“ಏನಂತೀಯೋ?” ಎಂದು ಎಡಕ್ಕೆ ತಿರುಗಿದೆ. ಎಡಕ್ಕೆ ಗೋಡೆ.

ಪೈಪು ಅರ್ಧದಲ್ಲೇ ಆರಿತು. ಮತ್ತೆ ಹಚ್ಚಲಿಲ್ಲ.

ಮಾರ್ಚ್ 14, ಶುಕ್ರವಾರ

ಕಟಿಂಗ್ ಅಂಗಡಿಗೆ ಹೋಗಿದ್ದೆ. ಮುಖಕ್ಕೆ ನೊರೆ ಹಚ್ಚಿ, ಕತ್ತಿ ನನ್ನ ಗಂಟಲಿಗಿಟ್ಟು ಅಂಗಡಿಯವನು ಕೇಳುತ್ತಾನೆ:

“ಏನು ಯಜಮಾನ್ರೇ, ಸಂಜೆ ಕಡೆ ಕಾಣ್ತಾ ಇಲ್ಲ? ಜಗಳವಂತೆ?”

ಗಂಟಲಿನ ಮೇಲೆ ಕತ್ತಿ ಇರುವಾಗ ಹೂಂ ಎನ್ನಲೂ ಹೆದರಿಕೆ. ಅವನೇ ಮುಂದುವರಿಸಿದ. “ಪೈಪ್ ವಿಷಯಾನಾ? ಅವರು ಬಿಟ್ಟು ಯಾವ ಕಾಲ ಆಯ್ತು! ಬೀದಿಗೆಲ್ಲ ಗೊತ್ತು. ನಿಮಗೂ ಗೊತ್ತು, ಗೊತ್ತಿಲ್ಲದ ಹಾಗೆ ಇದ್ದೀರಿ ಅಂದ್ಕೊಂಡಿದ್ವಿ ನಾವು. ದೊಡ್ಡ ಮನಸ್ಸು ಯಜಮಾನ್ರದ್ದು ಅಂತ.”

ಕತ್ತಿ ತೆಗೆದ ಮೇಲೆ ಬೈಯೋಣವೆಂದು ಕಾದೆ. ತೆಗೆದ. ದೊಡ್ಡ ಮನಸ್ಸು ಎಂದವನನ್ನು ಬೈದರೆ ಚಿಕ್ಕ ಮನಸ್ಸೆಂದು ಒಪ್ಪಿಕೊಂಡಂತೆ. ದುಡ್ಡು ಕೊಟ್ಟು ಬಂದೆ.

ಬೀದಿಯೆಲ್ಲ ನನ್ನ ಕಿವಿ ಮೇಲೆ ಹೂವಿಟ್ಟು ನೋಡುತ್ತಿತ್ತು. ನಾನು ಹೂವು ಮುಡಿದುಕೊಂಡೇ ಓಡಾಡಿದ್ದೇನೆ.

ಮಾರ್ಚ್ 16, ಭಾನುವಾರ

ತಕ್ಕಡಿಯ ಹೆಂಡತಿ ಮನೆಗೆ ಬಂದಿದ್ದಳು. ಅವಳನ್ನು ನಾನು ತಂಗಿ ಎಂದೇ ಕರೆಯುವುದು. ಇವತ್ತು ಕರೆಯಲಿಲ್ಲ. ಅವಳು ಕುರ್ಚಿಯ ತುದಿಯಲ್ಲಿ ಕೂತು ಕಾಗದದ ಪೊಟ್ಟಣವೊಂದನ್ನು ಮೇಜಿನ ಮೇಲಿಟ್ಟಳು. ಮೇಜು ಅಲ್ಲಾಡಿತು.

“ಅಣ್ಣ, ಇದನ್ನ ಒಂದ್ಸಲ ಮೂಸಿ ಹೇಳಿ. ಹೊಸ ಮಿಶ್ರಣ. ನೀವಿಬ್ರೂ ಸೇರಿ ಕಳೆದ ತಿಂಗಳು ಪೆಟ್ಟಿಗೇಲಿ ಹದಕ್ಕೆ ಇಟ್ಟಿದ್ದು. ಬರೋ ವಾರ ಜಾಡಿಗೆ ಹಾಕ್ಬೇಕು.”

“ಅವನೇ ಮೂಸ್ಲಿ. ಅವನಿಗೇನು ಮೂಗಿಲ್ವಾ?”

“ಇಲ್ಲ ಅಣ್ಣ,” ಅಂದಳು.

ಆಮೇಲೆ ಹೇಳಿದಳು. ನಾನು ಕಸುಬು ಬಿಡುವ ಹಿಂದಿನ ವರ್ಷ ಅವನಿಗೆ ಜ್ವರ ಬಂದು ಮಲಗಿದ್ದು ನನಗೂ ನೆನಪಿದೆ. ಜ್ವರ ಇಳಿಯಿತು, ಮೂಗು ಹಿಂತಿರುಗಲಿಲ್ಲ. ವಾಸನೆ ಹೋಯಿತು, ಅದರ ಹಿಂದೆಯೇ ರುಚಿಯೂ ಹೋಯಿತು. ಮೊದಲ ದಿನ ಊಟ ಸಪ್ಪೆಯೆಂದು ಉಪ್ಪಿನ ಡಬ್ಬಿಯನ್ನೇ ಬಗ್ಗಿಸಿಕೊಂಡನಂತೆ. ಡಾಕ್ಟರು ಕಾಯೋಣ ಅಂದರು. ಕಾದರು. ಬರಲಿಲ್ಲ.

“ಹೊಗೆಸೊಪ್ಪು ಮಾರೋನಿಗೆ ವಾಸನೆ ಗೊತ್ತಾಗಲ್ಲ ಅಂದ್ರೆ ಯಾರಣ್ಣ ಅಂಗಡಿ ಮೆಟ್ಟಿಲು ಹತ್ತುತ್ತಾರೆ? ಸೇದೋದು ಬಿಟ್ರು ಅಂತ ಬೀದೀಗೆ ಗೊತ್ತು. ಮೂಗು ಹೋಗಿದ್ದು ನಮ್ಮಿಬ್ರಿಗೆ, ಅತ್ತಿಗೆಗೆ, ಅಷ್ಟೇ ಗೊತ್ತು.”

ಅತ್ತಿಗೆ ಎಂದರೆ ನನ್ನವಳು. ಬಾಗಿಲ ಹತ್ತಿರ ನಿಂತು ಸೆರಗಿನ ತುದಿ ನೋಡುತ್ತಿದ್ದಳು.

ನನಗೆ ಆಗ ಹೊಳೆಯಿತು, ಪೈಪಿನದು ಸಣ್ಣ ಮೋಸ. ದೊಡ್ಡದು ಇದು. ಇಬ್ಬರೂ ಒಪ್ಪಿದ ಮಿಶ್ರಣ ಎಂದು ನಾನು ಎದೆಯುಬ್ಬಿಸಿದ್ದು ಎಷ್ಟು ಸಲ! ಇಬ್ಬರು ಎಲ್ಲಿದ್ದರು? ನನ್ನ ನಾಲಗೆಯನ್ನು ಎರವಲು ತೆಗೆದುಕೊಂಡು, ನನ್ನನ್ನೇ ಗೆಳೆಯ ಎಂದು ಕರೆದು ಅಂಗಡಿ ನಡೆಸಿದ್ದಾನೆ. ಕೇಳಿದ್ದರೆ ಕೊಡುತ್ತಿರಲಿಲ್ಲವೇ? ಕೇಳದೆ ತೆಗೆದುಕೊಂಡದ್ದಕ್ಕೆ ಬೇರೆ ಹೆಸರಿದೆ.

“ನಾನು ಯಾರ ಮೂಗಿಗೂ ಬಾಡಿಗೆ ಆಳಲ್ಲ. ತಗೊಂಡು ಹೋಗಿ ಇದನ್ನ,” ಅಂದೆ.

ಅವಳು ಎದ್ದಳು. ಪೊಟ್ಟಣ ಬಿಟ್ಟೇ ಹೋದಳು. ಹೆಂಗಸರಿಬ್ಬರೂ ಹೊರಬಾಗಿಲಲ್ಲಿ ಪಿಸುಗುಟ್ಟಿದ್ದು ಕೇಳಿಸಿತು. ಏನೆಂದು ಕೇಳಿಸಲಿಲ್ಲ.

ಮಾರ್ಚ್ 17, ಸೋಮವಾರ

ಸೇದಲಿಲ್ಲ. ಪೊಟ್ಟಣ ಮೇಜಿನ ಮೇಲೆಯೇ ಇದೆ. ಮುಟ್ಟಿಲ್ಲ.

ಮಾರ್ಚ್ 18, ಮಂಗಳವಾರ

ನನ್ನವಳ ಜೊತೆ ಜಗಳ. ಎಲ್ಲರಿಗಿಂತ ಮೊದಲು ನನಗೆ ಹೇಳಬೇಕಿತ್ತೋ ಇಲ್ಲವೋ ಎಂದು ಕೇಳಿದೆ.

“ನಿಮ್ಮ ಹತ್ರ ಗುಟ್ಟು ಹೇಳೋದೂ ಒಂದೇ, ಮೈಕ್ ಹತ್ರ ಹೇಳೋದೂ ಒಂದೇ. ಆವತ್ತು ಗಿರಾಕಿ ಮುಂದೇನೇ ಕೂಗಾಡಿ ಬಂದ್ರಲ್ಲ, ಏನು ಮಾತಾಡ್ತೀರಿ?”

“ನನಗೆ ಮೂಗಿನ ವಿಷಯ ಗೊತ್ತಿರ್ಲಿಲ್ಲ.”

“ಗೊತ್ತಿದ್ದಿದ್ರೆ ಅದನ್ನೂ ಕೂಗ್ತಿದ್ರಿ.”

ಮತ್ತೆ ಅವಳೇ ಪಾತ್ರೆ ಒರೆಸುತ್ತಾ ಅಂದಳು: “ಕೋಪದಲ್ಲಿ ಕೊಯ್ದ ಮೂಗು ಶಾಂತ ಆದ್ಮೇಲೆ ಬರಲ್ಲ ರೀ.”

“ಅವನ ಮೂಗು ನಾನು ಕೊಯ್ದಿಲ್ಲ. ಜ್ವರ ಕೊಯ್ದಿದ್ದು.”

“ನಾನು ಯಾರ ಮೂಗು ಅಂತ ಹೇಳ್ದೆ?”

ಇವಳು ಶಾಲೆಯಲ್ಲಿ ನನಗಿಂತ ಹೆಚ್ಚು ಕಲಿತವಳು. ಅದನ್ನು ಹೀಗೆ ತೀರಿಸಿಕೊಳ್ಳುತ್ತಾಳೆ.

ಮಾರ್ಚ್ 20, ಗುರುವಾರ

ಅವನು ಸುಳ್ಳು ಹೇಳಿಸಿದ್ದಾನೋ ನಿಜವೋ ನೋಡೋಣವೆಂದು ಬೆಳಿಗ್ಗೆ ಎದ್ದವನೇ ಮೂಗಿನ ಎರಡೂ ಹೊಳ್ಳೆಗೆ ಹತ್ತಿ ಗಿಡಿದುಕೊಂಡೆ. ಸುಮ್ಮನೆ ಪರೀಕ್ಷೆಗೆ. ನನ್ನವಳು ನೋಡಿ ಚಹಾದ ಲೋಟ ಕೆಳಗಿಟ್ಟು ನಕ್ಕಳು. “ಹೆಣದ ಹಾಗೆ ಕಾಣ್ತೀರಿ. ಎಳ್ಕೊಂಡು ಹೋಗೋಕೆ ಜನ ಬರ್ತಾರೆ, ಒಳಗೆ ಕೂತ್ಕೊಳ್ಳಿ.”

ಚಹಾ ಬಿಸಿನೀರು. ಬ್ರೆಡ್ಡು ಒದ್ದೆ ಕಾಗದ. ಕಣ್ಣು ಮುಚ್ಚಿಕೊಂಡು ಈರುಳ್ಳಿ ಕಚ್ಚಿದೆ. ನೀರು ಬಂತು, ಉರಿ ಬಂತು, ಈರುಳ್ಳಿ ಬರಲಿಲ್ಲ. ಸೇಬೋ ಮೂಲಂಗಿಯೋ ಯಾವುದಾದರೂ ಆಗಬಹುದಿತ್ತು. ಆಮೇಲೆ ಪೈಪಿಗೆ ಕಪ್ಪೆಲೆ ತುಂಬಿ ಹಚ್ಚಿದೆ. ಬಿಸಿ ಗಾಳಿ. ಅಷ್ಟೇ. ಹೊಗೆ ಕಾಣುತ್ತದೆ, ಬಾಯಿ ಸುಡುತ್ತದೆ, ಒಳಗೆ ಯಾರೂ ಇಲ್ಲ. ಊರಿಗೆ ಬಂದವನು ಬಾಗಿಲು ತಟ್ಟಿ ಬೀಗ ನೋಡಿ ಹಿಂತಿರುಗಿದ ಹಾಗೆ.

ಇದನ್ನು ಒಂದು ಬೆಳಗಿನ ಮಟ್ಟಿಗೂ ತಾಳುವುದಕ್ಕೆ ಆಗಲಿಲ್ಲ. ಊಟದ ಹೊತ್ತಿಗೆ ಹತ್ತಿ ಕಿತ್ತೆ.

ಕಿತ್ತ ಕೂಡಲೇ ಎಲ್ಲ ಒಟ್ಟಿಗೆ ನುಗ್ಗಿ ಬಂತು. ನನ್ನವಳ ಸೋಪು, ಬಾಗಿಲಿನ ಮರ, ಈರುಳ್ಳಿ, ಬಿಸಿಲಿಗೆ ಒಣಗಿದ ಬಟ್ಟೆ. ಎಲ್ಲದರ ಕೆಳಗೆ ಇನ್ನೊಂದು. ಒದ್ದೆ ಗೋಣಿಚೀಲ. ಎಲ್ಲಿಂದ ಎಂದು ಹುಡುಕಿದೆ. ಮೇಜಿನ ಮೇಲಿನ ಪೊಟ್ಟಣ.

ಬಿಚ್ಚಿ ಮೂಸಿದೆ. ಬೂಷ್ಟಿನ ಮೊದಲ ವಾಸನೆ. ಕಣ್ಣಿಗೆ ಇನ್ನೂ ಏನೂ ಕಾಣುವುದಿಲ್ಲ, ಬೆರಳಿಗೂ ಸಿಗುವುದಿಲ್ಲ, ಮೂಗಿಗೆ ಮಾತ್ರ ಗೊತ್ತು. ಆ ಪೆಟ್ಟಿಗೆಯನ್ನು ಹಿಂದಿನ ಗೋಡೆಗೆ ತಾಗಿಸಿ ಇಡಬೇಡ, ಅದರ ಆಚೆ ಬಚ್ಚಲು, ಗೋಡೆ ಬೆವರುತ್ತದೆ ಎಂದು ಎಷ್ಟು ಸಲ ಬಡಿದುಕೊಂಡಿದ್ದೇನೆ! ಈಗ ಎಲ್ಲವನ್ನೂ ಕಲಸಿ ಜಾಡಿಗೆ ಸುರಿದರೆ ಮುಗಿಯಿತು. ಜಾಡಿಯಿಂದ ಪೊಟ್ಟಣಕ್ಕೆ, ಪೊಟ್ಟಣದಿಂದ ಗಿರಾಕಿಯ ಬಾಯಿಗೆ. ಒಂದೇ ವಾರದಲ್ಲಿ ಬೀದಿಗೆ ಅವನ ಮೂಗಿನ ಸಮಾಚಾರ ಯಾರೂ ಕೂಗದೆಯೇ ಗೊತ್ತಾಗುತ್ತದೆ.

ಗೊತ್ತಾಗಲಿ.

ಮಾರ್ಚ್ 21, ಶುಕ್ರವಾರ

ಹೋಗುವುದಿಲ್ಲ. ಬರೆದಿಟ್ಟಿದ್ದೇನೆ, ಹೋಗುವುದಿಲ್ಲ. ಮಾಡಿದ್ದುಣ್ಣೋ ಮಹಾರಾಯ.

ನನ್ನವಳು ಪೊಟ್ಟಣ ಬಿಚ್ಚಿರುವುದನ್ನು ನೋಡಿದಳು. ಏನೂ ಕೇಳಲಿಲ್ಲ. ಕೇಳಿದ್ದರೆ ಬೈದು ಮುಗಿಸಬಹುದಿತ್ತು.

ಒತ್ತಿದ ಹಲಗೆಯ ಡಬ್ಬಿ ಒಡೆದೆ. ರುಚಿ ಬರೆಯೋಣವೆಂದರೆ ಇವತ್ತು ಯಾವ ರುಚಿಯೂ ನೆಟ್ಟಗೆ ಬರುತ್ತಿಲ್ಲ. ಹತ್ತಿ ಎಲ್ಲೋ ಸ್ವಲ್ಪ ಒಳಗೇ ಉಳಿದಿರಬೇಕು.

ಮಾರ್ಚ್ 22, ಶನಿವಾರ

ಹೋದೆ. ಅವನಿಗಾಗಿ ಅಲ್ಲ. ಆ ಮಿಶ್ರಣಕ್ಕೆ ಅಳತೆ ಹೇಳಿದವನು ನಾನು, ನನ್ನ ಹೆಸರು ಕೆಡಬಾರದೆಂದು.

ಷಟರ್ ಅರ್ಧ ಇಳಿದಿತ್ತು. ಈ ಸಲ ಬಗ್ಗಿ ನುಗ್ಗಿದೆ. ತಕ್ಕಡಿ ಗಲ್ಲಾದ ಹಿಂದೆ ಹೊಸ ಜಾಡಿ ಒರೆಸುತ್ತಾ ನಿಂತಿದ್ದ. ನನ್ನನ್ನು ಕಂಡು ಬಟ್ಟೆ ಕೆಳಗಿಟ್ಟ. ನಾನು ನೇರ ಹಿಂದಿನ ಕೋಣೆಗೆ ಹೋಗಿ ಪೆಟ್ಟಿಗೆಯ ಮುಚ್ಚಳ ತೆಗೆದು ತಲೆ ಒಳಗೆ ಹಾಕಿದೆ. ಈಚೆ ಬದಿ ಚೆನ್ನಾಗಿತ್ತು, ಬಹಳ ಚೆನ್ನಾಗಿತ್ತು. ಗೋಡೆಯ ಬದಿ ಗೋಣಿಚೀಲ.

“ಹಿಡ್ಕೋ ಆ ಕಡೆ,” ಅಂದೆ. “ಗೋಡೆಯಿಂದ ಈಚೆಗೆ ಎಳಿ. ಸಾವಿರ ಸಲ ಹೇಳಿದ್ದೆ ನಿನಗೆ.”

“ಕೆಟ್ಟಿದೆಯಾ?”

“ಅರ್ಧ ಕೆಟ್ಟಿದೆ. ನಿನ್ನ ಹಾಗೆ.”

ಪೆಟ್ಟಿಗೆ ಎಳೆದೆವು. ಹಳೆಯ ಕಾಗದ ಹಾಸಿ ಸೊಪ್ಪು ಹರಡಿದೆವು. ನಾನು ಒಂದೊಂದು ಹಿಡಿ ಎತ್ತಿ ಮೂಸಿ ಇದು ಇರಲಿ, ಇದು ಹೋಗಲಿ ಎಂದು ಹೇಳುವುದು, ಅವನು ಎತ್ತಿ ಆ ಕಡೆ ಈ ಕಡೆ ಹಾಕುವುದು. ಕೊನೆಗೆ ನನಗೆ ತಡೆಯಲಾಗಲಿಲ್ಲ.

“ಸೋದರತ್ತೆ ಕೊನೇಲಿ ಕಚ್ಚುತ್ತೆ ಅಂತ ನನಗಿಂತ ಮೊದ್ಲು ಹೇಳಿದ್ದು ನೀನು ಕಣೋ. ಮೂಗಿಲ್ದೆ ಹೇಗೋ ಹೇಳಿದೆ?”

“ನಿನ್ನ ಮುಖ ನೋಡಿ.”

“ಏನು?”

“ನಿನಗೆ ರುಚಿ ಹಿಡಿಸಿದ್ರೆ ಎಡಗಡೆ ಹುಬ್ಬು ಮೇಲೆ ಹೋಗುತ್ತೆ. ಕಚ್ಚಿದ್ರೆ ಮೂಗಿನ ತುದಿ ತಿಕ್ಕೊಳ್ತೀಯ. ಸಪ್ಪೆ ಅನ್ಸಿದ್ರೆ ಚಪ್ಪಲಿ ಕಡೆ ನೋಡ್ತೀಯ. ಸಿಹಿ ಹೆಚ್ಚಾದ್ರೆ ಯಾರನ್ನಾದ್ರೂ ಬೈತೀಯ. ಅಷ್ಟನ್ನ ನೋಡ್ಕೊಂಡು ನಾನು ಒಂದು ಮಾತು ಹಾಕ್ತಿದ್ದೆ.”

ಕೈಯಲ್ಲಿದ್ದ ಸೊಪ್ಪು ಹಾಗೇ ಹಿಡಿದು ಕೂತೆ. ಅಷ್ಟು ವರ್ಷ ಅವನು ಹೊಗೆ ನೋಡುತ್ತಿರಲಿಲ್ಲ, ನನ್ನ ಮುಖ ಓದುತ್ತಿದ್ದ. ನನ್ನ ಹುಬ್ಬು ಏಳುವುದು ನನಗೇ ಗೊತ್ತಿಲ್ಲ. ನಾಲಗೆ ಕದ್ದದ್ದು ಸಾಲದೆಂದು ಮುಖವನ್ನೂ ಕದ್ದಿದ್ದಾನೆ.

“ನಾಚಿಕೆ ಆಗಲ್ವೇನೋ? ಗೆಳೆಯ ಅಂತ ಎದುರಿಗೆ ಕೂರ್ಸ್ಕೊಂಡು?”

“ಆಗುತ್ತೆ,” ಅಂದ. “ಪ್ರತಿದಿನ ಆಗ್ತಿತ್ತು. ಪ್ರತಿದಿನ ಇವತ್ತು ಹೇಳೋಣ ಅಂದ್ಕೊಳ್ತಿದ್ದೆ. ನೀನು ಪೈಪ್ ಕಡೆದು ತಂದ ದಿನ ಹೇಳೋದಕ್ಕೆ ಬಾಯಿ ತೆಗೆದೆ. ಕೈಗೆ ಕೊಟ್ಟು ನನ್ನ ಮುಖಾನೇ ನೋಡ್ತಾ ನಿಂತ್ಕೊಂಡೆ ನೀನು, ಹಚ್ಚು ಹಚ್ಚು ಅಂತ. ಹೇಗೆ ಹೇಳ್ಲಿ? ಆವತ್ತು ಹಚ್ಚಿದ ಹಾಗೆ ಮಾಡಿದೆ. ಒಂದು ದಿನ ಮಾಡಿದ್ದನ್ನ ಮಾರನೇ ದಿನ ಬಿಡೋದು ಹೇಗೆ?”

“ಸುಮ್ನೆ ಸೇದಿದ್ರೆ ಆಗ್ತಿತ್ತು. ರುಚಿ ಇಲ್ದಿದ್ರೂ ಹೊಗೆ ಬರ್ತಿತ್ತಲ್ಲ.”

“ಬಿಸಿ ಗಾಳಿ ಕಣೋ ಅದು.”

ಗೊತ್ತು ಎನ್ನಲು ಹೊರಟವನು ಬಾಯಿ ಮುಚ್ಚಿಕೊಂಡೆ. ಹತ್ತಿಯ ವಿಷಯ ಅವನಿಗೆ ಹೇಳಬೇಕಾಗಿಲ್ಲ.

ಅವನು ಒಂದು ಹಿಡಿ ಎತ್ತಿ, ಯಾವ ಕಡೆ ಹಾಕುವುದೆಂದು ನನ್ನ ಮುಖ ನೋಡಿದ. ನೋಡುತ್ತಿದ್ದಾನೆಂದು ಈಗ ಗೊತ್ತಿದ್ದರಿಂದ ನಾನು ಮುಖ ಗಂಟು ಹಾಕಿಕೊಂಡೇ ಇದ್ದೆ. “ಈಗ ಹೇಳು ನೋಡೋಣ,” ಅಂದೆ.

“ಇದು ಚೆನ್ನಾಗಿದೆ.”

“ಹೇಗೆ ಗೊತ್ತಾಯ್ತು?”

“ಹುಬ್ಬು.”

ಹಾಳಾದ ಹುಬ್ಬು.

ಸ್ವಲ್ಪ ಹೊತ್ತಿಗೆ ಅವನೇ ಕೇಳಿದ, ಕಡ್ಡಿಕಸ ಆರಿಸುತ್ತಾ, ತಲೆ ಎತ್ತದೆ. “ನಾನು ಸೇದೋದಿಲ್ಲ ಅಂದಿದ್ರೆ ನೀನು ದಿನಾ ಬರ್ತಿದ್ಯೇನೋ?”

ಕೇಳಿದ್ದಕ್ಕೆ ನಿಜ ಹೇಳಿದೆ. “ಬರ್ತಿರ್ಲಿಲ್ಲ. ಏನು ಮಾಡಕ್ಕೆ ಬರ್ಲಿ? ಸೇದದೆ ಕೂರೋಕೆ ನನ್ನ ಮನೇಲೇ ಕುರ್ಚಿ ಇದೆ.”

“ಅದಕ್ಕೇ ಹೇಳ್ಲಿಲ್ಲ,” ಅಂದ.

ಅಂಗಡಿಗೋಸ್ಕರ ಹೇಳಲಿಲ್ಲ ಅಂದಿದ್ದರೆ ಬೈಯುವುದು ಸುಲಭವಿತ್ತು.

ಕೆಟ್ಟದ್ದನ್ನು ಚೀಲಕ್ಕೆ ತುಂಬಿ ಹಿತ್ತಲಿಗೆ ಹಾಕಿದೆವು. ಒಳ್ಳೆಯದು ಜಾಡಿಗೆ ಹೋಯಿತು, ಜಾಡಿ ಅರ್ಧವೇ ತುಂಬಿತು. ಹೆಸರು ಬರೆಯಲು ಚೀಟಿಯನ್ನೂ ಪೆನ್ನನ್ನೂ ನನ್ನ ಮುಂದಿಟ್ಟ, ಯಾವಾಗಿನ ಹಾಗೆ. ನಾನು ದೊಡ್ಡಕ್ಷರದಲ್ಲಿ ‘ದ್ರೋಹಿ’ ಎಂದು ಬರೆದು ಅಂಟಿಸಿದೆ. ಒತ್ತಕ್ಷರ ಸರಿಯಾಗಿಯೇ ಬಂತು.

ಅವನು ಓದಿದ. “ಇದನ್ನ ಯಾರೋ ಕೊಳ್ತಾರೆ?”

“ಎಲ್ರೂ ಕೊಳ್ತಾರೆ. ಮೊದ್ಲು ನಾನು ಕೊಳ್ತೀನಿ.”

“ರುಚಿ ಹೇಗಿದೆ ಅಂತ ಕೇಳಿದ್ರೆ ಗಿರಾಕಿಗೆ ಏನು ಹೇಳ್ಲಿ?”

“ಬಾಯಲ್ಲಿ ಬಹಳ ಹೊತ್ತು ನಿಲ್ಲುತ್ತೆ ಅನ್ನು.”

ಜೇಬಿನಿಂದ ಅವನ ಪೈಪು ತೆಗೆದು ಗಲ್ಲಾದ ಮೇಲಿಟ್ಟೆ. ಅವನು ಮುಟ್ಟಲು ಹೆದರಿದ. “ಇಟ್ಕೋ,” ಅಂದೆ. “ಕೈಯಲ್ಲಿ ಹಿಡ್ಕೊಂಡು ಕೂರು, ಬೇಡ ಅನ್ನಲ್ಲ. ಬಾಯಿಗಿಟ್ಟು ನಾಟಕ ಮಾಡಿದ್ರೆ ಹಲ್ಲು ಮುರೀತೀನಿ.”

ಆಮೇಲೆ ಬೆಂಚಿನ ಮೇಲೆ ಕೂತೆವು. ದ್ರೋಹಿಯನ್ನು ನನ್ನ ಪೈಪಿಗೆ ತುಂಬಿ ಬಾಯಿಗಿಟ್ಟುಕೊಂಡೆ. ಕಟಿಂಗ್ ಅಂಗಡಿಯವನು ಕತ್ತಿ ಹಿಡಿದು ಹೇಳಿದ್ದನ್ನು ಹೇಳಿದೆ. ಗಾಜಿನ ಬಾಗಿಲಿನ ಅಂಗಡಿಯ ಹುಡುಗಿಯ ವಿಷಯ ಹೇಳಿದೆ, ಜಿಂಕೆಯ ವಿಷಯ ಹೇಳಿದೆ. ಕಪ್ಪೆಲೆಯನ್ನು ಪಿಂಚಣಿಗೆ ಬೆರೆಸುವ ಮಾತಾಡಿದೆವು. ಡಬ್ಬಿಯ ಎಲೆ ಸತ್ತ ಎಲೆ ಎಂದು ಅವನು ಮತ್ತೆ ಅಂದ. ಮೂಸಲಾಗ್ದೋನು ಸುಮ್ನಿರೋ ಎಂದು ಬೈದೆ. ಅವನು ನಕ್ಕ. ನಾನು ನಗಲಿಲ್ಲ. ಅವನ ಹೆಂಡತಿ ಊಟಕ್ಕೆ ಕರೆಯಲು ಬಂದಾಗಲೇ ಹೊತ್ತಾದದ್ದು ಗೊತ್ತಾಗಿದ್ದು. “ಹೊರಟೆ ತಂಗಿ,” ಎಂದು ಬಂದೆ.

ಕ್ಷಮಿಸಿಲ್ಲ. ಅದನ್ನು ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತಿದ್ದೇನೆ. ಜಾಡಿಯ ಮೇಲೂ ಬರೆದು ಬಂದಿದ್ದೇನೆ.

ಮಾರ್ಚ್ 23, ಭಾನುವಾರ

ಮೇಜು ಅಲ್ಲಾಡಿ ಚಹಾ ಚೆಲ್ಲಿತು. “ಜಗತ್ತಿನ ಕುರ್ಚಿಗೆಲ್ಲ ಕಾಲು ಮಾಡಿಕೊಟ್ಟೋರ ಮನೆ ಇದು,” ಎಂದು ನನ್ನವಳು ಗೋಡೆಗೆ ಹೇಳಿದಳು. ಈ ಡೈರಿ ಇನ್ನು ಅದರ ಜಾಗಕ್ಕೆ ಹೋಗಲಿ. ಬೈಯುವುದಕ್ಕೆ ಸಂಜೆಯ ಹೊತ್ತು ಎದುರಿಗೇ ಆಳು ಇದ್ದಾನೆ.

ಕನ್ನಡಿಯಲ್ಲಿ ನೋಡಿದೆ. ಎಡ ಹುಬ್ಬು ಏಳುವುದು ನನಗೆ ಕಾಣಲಿಲ್ಲ.

ದ್ರೋಹಿಯ ರುಚಿ ಹೇಗಿತ್ತು ಎಂದು ನನ್ನವಳು ಕೇಳಿದಳು. ಚೆನ್ನಾಗಿತ್ತು ಅಂದೆ. ಬರೆದಿಟ್ಟುಕೊಳ್ಳೋಣವೆಂದು ನೆನಪು ಮಾಡಿಕೊಂಡರೆ ನೆನಪಿಗೆ ಬರುತ್ತಿಲ್ಲ. ವಯಸ್ಸಾಯಿತು. ಬೂದಿಯನ್ನಾದರೂ ನೋಡೋಣ, ಒಳ್ಳೆಯ ಸೊಪ್ಪಿನ ಬೂದಿ ಬೆಳ್ಳಗೆ ಬರುತ್ತದೆ ಎಂದು ಪೈಪನ್ನು ಅಂಗೈಗೆ ಬಡಿದೆ. ನಿನ್ನೆ ತುಂಬಿದ್ದಷ್ಟೂ ಹಾಗೇ ಉದುರಿತು. ಮೇಲೆ ಒಂದೆಳೆಯೂ ಕಪ್ಪಾಗಿಲ್ಲ.

ಬೆಂಕಿಪೊಟ್ಟಣ ತೇವ ಹಿಡಿದಿರಬೇಕು. ಹೊಸದು ತರಬೇಕು.